ವಾಲ್ವ್ ಹೋದರೆ ಎಂಜಿನ್ನೇ ಹೋಯಿತೇ?

"ವಾಲ್ವ್ ಕಟ್ಟಾಗಿದೆ ಮಾರಾಯ್ರೇ, ಇನ್ನು ಎಂಜಿನ್ನೇ ಬದಲಿಸಬೇಕು." ಉಡುಪಿಯಿಂದ ಕಾರ್ಕಳದವರೆಗೆ ಗ್ಯಾರೇಜುಗಳ ಅಂಗಳದಲ್ಲಿ ಆಗಾಗ ಕಿವಿಗೆ ಬೀಳುವ ಮಾತಿದು. ಅದರ ಬೆನ್ನಿಗೇ ಇನ್ನೊಬ್ಬರು ಅನ್ನುವುದುಂಟು: "ಬರೀ ವಾಲ್ವ್ ಅಲ್ವಾ, ಹೊಸತು ಹಾಕಿ ಹೆಡ್ ಮುಚ್ಚಿಬಿಡಿ." ಮೊದಲ ಸಲಹೆಯಿಂದ ಬೇಡದ ಖರ್ಚು, ಎರಡನೆಯದರಿಂದ ಎರಡೆರಡು ಸಲ ಖರ್ಚು. ಕಿಸೆಯಲ್ಲಿ ದುಡ್ಡು ಕಡಿಮೆಯಿದ್ದಾಗ ಎರಡನೆಯದೇ ಹೆಚ್ಚು ದುಬಾರಿ.

ಕಟ್ಟಾಗುವುದೂ ಬಾಗುವುದೂ ಒಂದೇ ಎಂಬಂತೆ ಮಾತಾಡುತ್ತೇವೆ. ಟೈಮಿಂಗ್ ಬೆಲ್ಟ್ ತುಂಡಾದರೆ ಕ್ಯಾಮ್ ನಿಂತುಬಿಡುತ್ತದೆ, ತೆರೆದಿದ್ದ ವಾಲ್ವ್‌ಗಳು ತೆರೆದೇ ಉಳಿಯುತ್ತವೆ, ಕೆಳಗಿನಿಂದ ಬಂದ ಪಿಸ್ಟನ್ ಅವಕ್ಕೆ ಬಡಿಯುತ್ತದೆ. ಹಳೆಯ ಸ್ಯಾಂಟ್ರೊ, ಡಸ್ಟರ್ ಡೀಸೆಲ್‌ನಂಥ ಬೆಲ್ಟ್ ಎಂಜಿನ್‌ಗಳಲ್ಲಿ ಆಗುವುದು ಇದು. ವಾಲ್ವ್ ಬಾಗಿ ಕಂಪ್ರೆಷನ್ ಹೋಗುತ್ತದೆ, ಆದರೆ ಬಹಳ ಸಲ ಹಾನಿ ಹೆಡ್ಡಿನಲ್ಲಿಯೇ ನಿಲ್ಲುತ್ತದೆ. ಬ್ಲಾಕಿಗೆ ಏನೂ ಆಗಿರುವುದಿಲ್ಲ. ವಾಲ್ವ್, ಗೈಡ್, ಸೀಲ್, ಗ್ಯಾಸ್ಕೆಟ್, ಹೊಸ ಬೆಲ್ಟ್: ಅಲ್ಲಿಗೆ ಮುಗಿಯಬಹುದಾದ ಕೆಲಸ.

ವಾಲ್ವಿನ ತಲೆಯೇ ಕಾಂಡದಿಂದ ಕಳಚಿ ಸಿಲಿಂಡರಿಗೆ ಬಿದ್ದರೆ ಕತೆ ಬೇರೆ. 3000 ಆರ್‌ಪಿಎಂನಲ್ಲಿ ಪಿಸ್ಟನ್ ಸೆಕೆಂಡಿಗೆ 50 ಸಲ ಮೇಲೆ ಬರುತ್ತದೆ. ಅಷ್ಟು ಸಲವೂ ಆ ಉಕ್ಕಿನ ಬಿಲ್ಲೆ ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಸಿಕ್ಕಿ ಜಜ್ಜುತ್ತದೆ. ಪಿಸ್ಟನ್ ತೂತಾಗಬಹುದು, ಬೋರ್ ಗೀಚಬಹುದು. ಚೂರುಗಳು ಇನ್‌ಟೇಕ್ ಮ್ಯಾನಿಫೋಲ್ಡಿನ ಮೂಲಕ ಪಕ್ಕದ ಸಿಲಿಂಡರಿಗೂ ಹೋಗಬಹುದು. ಹಾಗಾಗಿ ಎರಡನೇ ಸಿಲಿಂಡರಿನ ವಾಲ್ವ್ ಬಿದ್ದಿದ್ದರೂ ನಾಲ್ಕನ್ನೂ ನೋಡಬೇಕು, ಮ್ಯಾನಿಫೋಲ್ಡ್ ಕಳಚಿ ತೊಳೆಯಬೇಕು. ಇದನ್ನು ಬಿಟ್ಟುಬಿಟ್ಟ ರಿಪೇರಿ ಒಳಗೆ ಉಳಿದ ಒಂದು ಚೂರಿನಿಂದ ಮತ್ತೆ ಮೊದಲಿಗೆ ಬರುತ್ತದೆ.

"ಒಮ್ಮೆ ಸ್ಟಾರ್ಟ್ ಕೊಟ್ಟು ನೋಡೋಣ" ಎಂಬುದಕ್ಕಿಂತ ದುಬಾರಿಯಾದ ಮಾತು ಈ ಹೊತ್ತಿನಲ್ಲಿ ಇನ್ನೊಂದಿಲ್ಲ. ಟೋ ಮಾಡಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಅದೇ ಅರ್ಧ ಸುದ್ದಿ ಹೇಳುತ್ತದೆ: ತುದಿ ಜಜ್ಜಿಹೋಗಿದ್ದರೆ ಒಳಗೆ ಏನೋ ಮುರಿದು ಬಿದ್ದಿದೆ. ಪ್ಲಗ್ಗಿನ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡುವುದಕ್ಕೆ ಹೆಡ್ ಬಿಚ್ಚುವ ಕೂಲಿಯ ಒಂದಂಶವೂ ಆಗದು.

ಹೆಡ್ ಬಿಚ್ಚಿದ ಮೇಲೆ ಮಾಡಬೇಕಾದ ಪರೀಕ್ಷೆಗಳಿಗೆ ದುಡ್ಡಿಗಿಂತ ತಾಳ್ಮೆ ಬೇಕು. ಪ್ಲಗ್ ಹಾಕಿಯೇ ಹೆಡ್ಡನ್ನು ಬೋರಲು ಮಲಗಿಸಿ ಚೇಂಬರಿಗೆ ಪೆಟ್ರೋಲೋ ಸೀಮೆಎಣ್ಣೆಯೋ ಹೊಯ್ದು ಪೋರ್ಟ್ ಒಳಗೆ ಟಾರ್ಚ್ ಬಿಟ್ಟರೆ, ಬಾಗಿದ ವಾಲ್ವ್ ಇರುವಲ್ಲಿ ಒದ್ದೆ ಕಾಣುತ್ತದೆ. ಬೋರಿನ ಗೋಡೆಯ ಮೇಲೆ ಉಗುರು ಎಳೆಯಿರಿ, ಗೀರಿಗೆ ಉಗುರು ಸಿಕ್ಕಿಕೊಂಡರೆ ಬೋರಿಂಗ್ ಕೆಲಸ ಇದೆ ಎಂದು ಲೆಕ್ಕ. ಪಿಸ್ಟನ್ ತಲೆಯ ಮೇಲೆ ವಾಲ್ವ್ ಬಡಿದ ಅರ್ಧಚಂದ್ರದ ತೆಳು ಗುರುತು ಕಂಡ ಕೂಡಲೇ ಹೊಸ ಪಿಸ್ಟನ್ ತರಬೇಕಿಲ್ಲ. ಬಿರುಕಿಲ್ಲದೆ, ರಿಂಗಿನ ತೋಡು ಜಜ್ಜದೆ ಇದ್ದರೆ ಚೂಪಾದ ಅಂಚು ಉಜ್ಜಿ ಹಾಗೆಯೇ ಓಡಿಸುವುದುಂಟು. ಇಂಥಲ್ಲಿ ಉಳಿತಾಯ ನ್ಯಾಯ. ಬಾಗಿದ ವಾಲ್ವನ್ನು ಲೇತಿಗೆ ಹಾಕಿ ನೇರ ಮಾಡಿಸುವುದು ಮಾತ್ರ ಉಳಿತಾಯವೇ ಅಲ್ಲ. ಒಮ್ಮೆ ಬಾಗಿದ ಕಾಂಡ ಮುಂದಿನ ಸಲ ಮುರಿದೇ ಬೀಳಬಹುದು. ಹಲವು ಹೊಸ ಎಂಜಿನ್‌ಗಳ ಹೆಡ್ ಬೋಲ್ಟ್‌ಗಳೂ ಬಿಗಿಯುವಾಗ ಎಳೆದುಕೊಳ್ಳುವ ಜಾತಿಯವು, ಅವನ್ನು ಎರಡನೇ ಸಲ ಹಾಕುವಂತಿಲ್ಲ.

ಇಷ್ಟಾದರೂ ವಾಲ್ವ್ ಯಾಕೆ ಹೋಯಿತು ಎಂಬ ಪ್ರಶ್ನೆ ಉಳಿಯುತ್ತದೆ. ಇಲ್ಲಿಯೇ ತಪ್ಪು ನಂಬಿಕೆಗಳು ಹೆಚ್ಚು.

ಅವುಗಳಲ್ಲಿ ಗಟ್ಟಿಯಾದದ್ದು ಟ್ಯಾಪೆಟ್ ಸದ್ದಿನದು. ಟಕಟಕ ಅಂದರೆ ಕಾಯಿಲೆ, ಸದ್ದಿಲ್ಲದಿದ್ದರೆ ಆರೋಗ್ಯ ಎಂದು ರಿಕ್ಷಾದವರೂ ಬೈಕಿನವರೂ ನಂಬಿದ್ದಾರೆ. ನಿಜ ಹೆಚ್ಚುಕಡಿಮೆ ತಿರುವುಮುರುವು. ಎಕ್ಸಾಸ್ಟ್ ವಾಲ್ವಿಗೆ ಹತ್ತುವ ಬಿಸಿಯ ಬಹುಪಾಲು ಇಳಿಯುವುದು ಅದು ಮುಚ್ಚಿ ಸೀಟಿಗೆ ಒತ್ತಿ ಕೂತ ಗಳಿಗೆಯಲ್ಲಿ. ಸೀಟು ಸವೆದಂತೆ ವಾಲ್ವ್ ಮೇಲಕ್ಕೆ ಸರಿಯುತ್ತದೆ, ಟ್ಯಾಪೆಟ್ಟಿನ ಸಂದು ಕಿರಿದಾಗುತ್ತದೆ, ಸದ್ದು ಕಡಿಮೆಯಾಗುತ್ತದೆ. ಕೊನೆಗೆ ಸಂದೇ ಇಲ್ಲದಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಸಂದಿಯಲ್ಲಿ ಬೆಂಕಿ ನುಗ್ಗಿ ಅಂಚು ಸುಡುತ್ತದೆ, ತುಣುಕು ಹಾರುತ್ತದೆ. ಎಲ್‌ಪಿಜಿ, ಸಿಎನ್‌ಜಿಯಲ್ಲಿ ಓಡುವ ಆಟೊಗಳಲ್ಲಿ ಸೀಟು ಬೇಗ ಸವೆಯುವುದರಿಂದ ಮಣಿಪಾಲದ ಏರು ಹತ್ತುವ ರಿಕ್ಷಾ ಇದ್ದಕ್ಕಿದ್ದಂತೆ ತೀರಾ ಸಪ್ಪಗಾದರೆ ಚಾಲಕರು ಖುಷಿಪಡಬಾರದು, ಫೀಲರ್ ಗೇಜ್ ಹಿಡಿಸಬೇಕು. ಎಂಜಿನ್ ತಣಿದಿರುವಾಗ ಮಾಡಿಸುವ ಈ ಸೆಟ್ಟಿಂಗ್ ಬಹುಶಃ ಇಡೀ ಎಂಜಿನ್ನಿನಲ್ಲೇ ಅತಿ ಅಗ್ಗದ ಕೆಲಸ. (ಹೈಡ್ರಾಲಿಕ್ ಟ್ಯಾಪೆಟ್ ಇರುವ ಕಾರುಗಳಿಗೆ ಇದು ಅನ್ವಯಿಸದು. ಅಲ್ಲಿ ಸದ್ದು ಬಂದರೆ ಮೊದಲು ಆಯಿಲ್ ನೋಡಿ.)

ಕಾಪು ಕಡೆ ಕೇಳಿಬರುವುದು ಉಪ್ಪುಗಾಳಿಯ ದೂರು. ಕಡಲಗಾಳಿ ಸೈಲೆನ್ಸರನ್ನೂ ರೇಡಿಯೇಟರಿನ ರೆಕ್ಕೆಗಳನ್ನೂ ತಿನ್ನುವುದು ನಿಜ, ಆದರೆ ದಿನಾ ಓಡುವ ಎಂಜಿನ್ನಿನ ವಾಲ್ವನ್ನು ಅದು ಮುರಿಯುವುದಿಲ್ಲ. ಮುರಿಯುವುದು ನಿಲ್ಲಿಸಿಟ್ಟ ಗಾಡಿಯಲ್ಲಿ. ಯಜಮಾನರು ದುಬೈಯಲ್ಲೋ ಮುಂಬೈಯಲ್ಲೋ ಇದ್ದು ವರ್ಷಕ್ಕೊಮ್ಮೆ ಬರುವ ಮನೆಗಳ ಕಾರುಗಳನ್ನು ನೋಡಿ: ಮಳೆಗಾಲವಿಡೀ ತೆರೆದೇ ಉಳಿದ ವಾಲ್ವಿನ ಕಾಂಡ ಗೈಡಿನಲ್ಲಿ ಹಿಡಿದುಕೊಳ್ಳುತ್ತದೆ. ಬೆಲ್ಟಿನ ಕಿಲೋಮೀಟರ್ ಮುಗಿದಿರುವುದಿಲ್ಲ, ವರ್ಷ ಮುಗಿದಿರುತ್ತದೆ. "ಕಾರು ಓಡಿದ್ದೇ ಇಲ್ಲ, ಬೆಲ್ಟ್ ಹೊಸತೇ" ಎಂಬುದು ಅಪಾಯದ ಸಮಾಧಾನ. ಕಂಪನಿಗಳು ಬೆಲ್ಟಿಗೆ ಕಿಲೋಮೀಟರಿನ ಜೊತೆಗೆ ವರ್ಷವನ್ನೂ ಹೇಳುವುದು ರಬ್ಬರ್ ನಿಂತಲ್ಲೇ ಮುದಿಯಾಗುತ್ತದೆ ಎಂಬ ಕಾರಣಕ್ಕೆ. ಟೈಮಿಂಗ್ ಚೈನ್ ಇದ್ದವರೂ ಹಾಯಾಗಿರುವಂತಿಲ್ಲ. ಹೆಚ್ಚಿನ ಕಾರುಗಳಲ್ಲಿ ಚೈನನ್ನು ಬಿಗಿಹಿಡಿಯುವ ಟೆನ್ಶನರ್ ಕೆಲಸ ಮಾಡುವುದೇ ಆಯಿಲ್ ಒತ್ತಡದಿಂದ, ಆಯಿಲ್ ಬದಲಿಸದೆ ದಿನ ತಳ್ಳಿದರೆ ಚೈನೂ ಹಲ್ಲು ಹಾರುತ್ತದೆ. ಮಲ್ಪೆಯ ಬೋಟಿನವರು ಈ ವಿಷಯದಲ್ಲಿ ನಮಗಿಂತ ಜಾಣರು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿಯೇ ಎಂಜಿನ್ ಬಿಚ್ಚಿಸುತ್ತಾರೆ, ನಡುಗಡಲಲ್ಲಿ ಅದು ನಿಲ್ಲುವವರೆಗೆ ಕಾಯುವುದಿಲ್ಲ.

ಘಾಟಿಯದು ಇನ್ನೊಂದು. ಹೆಬ್ರಿ ದಾಟಿ ಸಿಗುವ ಆಗುಂಬೆಯ 14 ತಿರುವುಗಳನ್ನು ಎರಡನೇ ಗೇರಿನಲ್ಲಿ ಇಳಿದರೆ ವಾಲ್ವ್ ಹಾಳಾಗದು. ಹಾಳಾಗುವುದು ವೇಗದಲ್ಲಿದ್ದಾಗ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕಿದಾಗ. ರೆವ್ ಲಿಮಿಟರ್ ಇದೆಯಲ್ಲ ಅನ್ನಬೇಡಿ. ಅದು ಇಂಧನ ನಿಲ್ಲಿಸಬಲ್ಲದು, ಚಕ್ರಗಳೇ ಎಂಜಿನ್ನನ್ನು ತಿರುಗಿಸುವಾಗ ಅದರ ಆಟ ನಡೆಯದು.

"ಫುಲ್ ಇನ್ಶೂರೆನ್ಸ್ ಇದೆ" ಎಂದವರಿಗೆ ಎರಡೇ ಮಾತು. ಸಾಮಾನ್ಯ ಪ್ಯಾಕೇಜ್ ಪಾಲಿಸಿ ಯಾಂತ್ರಿಕ ವೈಫಲ್ಯಕ್ಕೆ ದುಡ್ಡು ಕೊಡುವುದಿಲ್ಲ. 2020ರ ಸೆಪ್ಟೆಂಬರಿನಲ್ಲಿ ಉಡುಪಿಗೆ ಬಂದಂಥ ನೆರೆಯಲ್ಲಿ ನೀರು ಹೊಕ್ಕ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಕನೆಕ್ಟಿಂಗ್ ರಾಡ್ ಬಾಗಿಸಿಕೊಂಡರೂ, ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಕೊಂಡಿರದಿದ್ದರೆ ಕೈಯಿಂದಲೇ ಹಾಕಬೇಕಾದೀತು.

ಕೊನೆಯದು ಗುಜರಿ ಎಂಜಿನ್. ಇಡೀ ಎಂಜಿನ್ ತಂದು ಕೂರಿಸುವುದು ಎಲ್ಲಕ್ಕಿಂತ ಅಗ್ಗ ಎಂದು ಕಾಣುತ್ತದೆ, ಆದರೆ ಬ್ಲಾಕಿನ ಮೇಲಿನ ಎಂಜಿನ್ ನಂಬರ್ ಆರ್‌ಸಿಯಲ್ಲಿದೆ. ನಂಬರ್ ಬದಲಾದರೆ ಆರ್‌ಟಿಒದಲ್ಲಿ ದಾಖಲಿಸಬೇಕು. ಹಳೆಯ ಎಂಜಿನ್ ಯಾರದು ಎಂಬ ಕಾಗದ ಬೇಕು. ಇಲ್ಲದಿದ್ದರೆ ಗಾಡಿ ಮಾರುವಾಗಲೂ ವಿಮೆ ಕೇಳುವಾಗಲೂ ತೊಡಕು. ಬ್ಲಾಕ್ ಚೆನ್ನಾಗಿದ್ದು ಹೆಡ್ ಮಾತ್ರ ಕೆಟ್ಟಿದ್ದರೆ ಗುಜರಿಯಿಂದ ಹೆಡ್ ಅಷ್ಟೇ ತರುವುದು ಒಳ್ಳೆಯ ದಾರಿ, ನಂಬರಿನ ತಂಟೆ ಇರುವುದಿಲ್ಲ. ಕೊಳ್ಳುವ ಮೊದಲು ಅದರ ಮೇಲೆ ನೇರಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ, ಬಿರುಕಿಗೆ ಪ್ರೆಷರ್ ಟೆಸ್ಟ್ ಮಾಡಿಸಿ. ಸೊಟ್ಟ ಸ್ವಲ್ಪವೇ ಇದ್ದರೆ ಫೇಸಿಂಗ್ ಮಾಡಿಸಬಹುದು. ಹೆಚ್ಚು ಕೆರೆಸಿದರೆ ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಅಂತರ ಕಿರಿದಾಗಿ ಅವೆರಡೂ ಮತ್ತೆ ಮುಟ್ಟಿಕೊಂಡಾವು.