ಮೂರು ಬೆರಳಿನ ಲೆಕ್ಕ

ಬಳ್ಳಾರಿ ಜಿಲ್ಲೆಯ ಕುರುಗೋಡು, ಸಿರುಗುಪ್ಪದ ಹೊಲಗಳಲ್ಲಿ ಬ್ಯಾಡಗಿ ಮೆಣಸಿನಕಾಯಿ ಕೆಂಪಾದಾಗ ಹೆಣ್ಣಾಳುಗಳಿಗೆ ಬಿಡುವಿರುವುದಿಲ್ಲ. ಸ್ತನ ಕ್ಯಾನ್ಸರಿಗೆ ಆಪರೇಶನ್ ಮಾಡಿಸಿಕೊಂಡು, ಕೀಮೋ ಮುಗಿಸಿ, ಕರೆಂಟು (ವಿಕಿರಣ ಚಿಕಿತ್ಸೆ) ಕೊಡಿಸಿಕೊಂಡು ಊರಿಗೆ ಮರಳಿದವಳಿಗೂ ಯಾರೋ ಒಬ್ಬರು ಕೂಲಿಗೆ ಕರೆದಾರು. ಆದರೆ ಕೈ ಮಾತು ಕೇಳುವುದಿಲ್ಲ. ತೋಳು ಭುಜದ ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ತಲೆ ಬಾಚಲು, ನಾಗಂದಿಗೆಯ ಮೇಲಿನ ಡಬ್ಬಿ ಇಳಿಸಲು ಮಗಳನ್ನೇ ಕರೆಯಬೇಕು. ಆಸ್ಪತ್ರೆಯ ಚೀಟಿಯಲ್ಲಿ ಚಿಕಿತ್ಸೆ ಮುಗಿದಿದೆ. ‘ಜೀವ ಉಳೀತಲ್ಲ, ಅಷ್ಟು ಸಾಕು ಬಿಡವ್ವ’ ಎಂದು ಮನೆಯವರೂ ಸಮಾಧಾನ ಹೇಳುತ್ತಾರೆ. ಪುನಶ್ಚೇತನದ ಆರೈಕೆಗೆ ನಮ್ಮಲ್ಲಿ ದೊಡ್ಡ ಅಡ್ಡಿ ದುಡ್ಡಿನ ಕೊರತೆ ಎಂದು ನಾನು ನಂಬಿಲ್ಲ. ಈ ‘ಅಷ್ಟು ಸಾಕು’ ಎನ್ನುವುದೇ ದೊಡ್ಡ ಅಡ್ಡಿ.

ಕಂಕುಳಲ್ಲಿನ ದುಗ್ಧಗ್ರಂಥಿಗಳನ್ನು ತೆಗೆದ ಮೇಲೆ ಆ ತೋಳಿನ ನೀರು ಹರಿದುಹೋಗುವ ದಾರಿ ಕಿರಿದಾಗುತ್ತದೆ. ಆಪರೇಶನ್ ಆಗಿ ತಿಂಗಳುಗಳ ನಂತರವೋ ವರ್ಷಗಳ ನಂತರವೋ ಬಳೆ ಬಿಗಿಯಾಗತೊಡಗುತ್ತದೆ, ಕೈ ಭಾರವೆನಿಸುತ್ತದೆ. ಈ ಬಾವು ಮೆತ್ತಗಿರುವಾಗಲೇ ಹಿಡಿದರೆ ಪಟ್ಟಿ, ಬಿಗಿತೋಳು, ಹಗುರವಾದ ಮಾಲೀಸು, ವ್ಯಾಯಾಮಗಳಿಂದ ಹತೋಟಿಗೆ ಬರುತ್ತದೆ. ಗಟ್ಟಿಯಾದ ಮೇಲೆ ಕಷ್ಟ. ಆ ಕೈಯಲ್ಲಿ ಭಾರ ಎತ್ತಲೇಬಾರದು ಎಂಬ ಮಾತು ಬಹಳ ಕಾಲ ನಡೆಯಿತು. ಅಮೆರಿಕದಲ್ಲಿ ಕ್ಯಾಥರಿನ್ ಶ್ಮಿಟ್ಜ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ತಿರುವಿಹಾಕಿತು: ತರಬೇತಿದಾರರ ಕಣ್ಗಾವಲಿನಲ್ಲಿ ನಿಧಾನವಾಗಿ ತೂಕ ಏರಿಸುತ್ತ ಹೋದ ಮಹಿಳೆಯರಲ್ಲಿ ಬಾವು ಹೆಚ್ಚಲಿಲ್ಲ, ತೊಂದರೆಗಳು ಉಲ್ಬಣಿಸುವುದೂ ಕಡಿಮೆಯಾಯಿತು. ಕೂಲಿಯೇ ಬದುಕಾದವಳಿಗೆ ಇದು ಸಣ್ಣ ಸುದ್ದಿಯಲ್ಲ. ಹಾಗೆಂದು ಮೊದಲ ದಿನವೇ ಗೊಬ್ಬರದ ಚೀಲ ಹೊರುವುದಲ್ಲ. ತೋಳು ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದು ಸೋಂಕು. ಅದೇ ದಿನ ಡಾಕ್ಟರ ಬಳಿ ಹೋಗಬೇಕು.

ತುಂಗಭದ್ರೆಯ ಆಚೆ ದಂಡೆಯ ರಾಯಚೂರು ಜಿಲ್ಲೆ ಆನೆಕಾಲು ರೋಗ ಕಂಡ ನೆಲ. ಬಾತ ಕಾಲನ್ನು ಸೋಪುನೀರಿನಲ್ಲಿ ತೊಳೆದು, ಬೆರಳ ಸಂದು ಒರೆಸಿ, ಎತ್ತರದಲ್ಲಿಟ್ಟುಕೊಂಡು ಮಲಗುವುದನ್ನು ಆರೋಗ್ಯ ಕಾರ್ಯಕರ್ತರು ಅಲ್ಲಿ ಕಲಿಸುತ್ತ ಬಂದಿದ್ದಾರೆ. ಕಾಲಿನ ಬಾವಿಗೆ ಹೇಳುವ ಆ ಪಾಠದ ಬಹುಪಾಲು ಕೈಯ ಬಾವಿಗೂ ನಡೆಯುತ್ತದೆ. ಆರೋಗ್ಯ ಇಲಾಖೆಯ ಒಂದು ಕೊಠಡಿಯ ವಿದ್ಯೆ ಪಕ್ಕದ ಕೊಠಡಿಗೆ ದಾಟುವುದಿಲ್ಲವೆಂಬುದು ಮಾತ್ರ ನಮ್ಮ ಹಳೆಯ ರೋಗ.

ಗಂಡಸರ ಕಥೆ ಹೆಚ್ಚಾಗಿ ಬಾಯಿಯದು. ಗುಟ್ಕಾ, ತಂಬಾಕು, ಅಡಿಕೆ ಏನು ಮಾಡುತ್ತವೆಂಬುದನ್ನು ಇಲ್ಲಿ ಮತ್ತೆ ಹೇಳುವುದು ಬೇಡ. ಕೆನ್ನೆಗೆ ಆಪರೇಶನ್ ಆಗಿ, ಕರೆಂಟು ಕೊಟ್ಟ ಮೇಲೆ ದವಡೆಯ ಸ್ನಾಯುಗಳು ಬಿಗಿಯುತ್ತವೆ. ತನ್ನದೇ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮುಂದಿನ ಹಲ್ಲುಗಳ ನಡುವೆ ಹಿಡಿಸಿ ನೋಡುವುದು ಸುಲಭದ ಪರೀಕ್ಷೆ. ಮೂರೂ ಹಿಡಿದರೆ ಬಾಯಿ ಸರಿಯಾಗಿ ತೆರೆಯುತ್ತಿದೆ ಎಂದರ್ಥ. ಎರಡಕ್ಕಿಳಿದರೆ ಎಚ್ಚರ. ವೈದ್ಯರ ಅಳತೆಯಲ್ಲಿ ಗಡಿ 35 ಮಿಲಿಮೀಟರ್. ಒಂದೇ ಬೆರಳಿಗೆ ಬಂದು ನಿಂತವರಿಗೆ ಊಟವಷ್ಟೇ ಅಲ್ಲ, ಹಲ್ಲುಜ್ಜುವುದೂ ಆಗದು. ಕ್ಯಾನ್ಸರ್ ಮರಳಿದೆಯೇ ಎಂದು ಇಣುಕಿ ನೋಡಲು ಡಾಕ್ಟರಿಗೂ ದಾರಿ ಇರುವುದಿಲ್ಲ.

ದವಡೆ ತೆರೆಸುವ ವಿದೇಶಿ ಸಾಧನಗಳು ದುಬಾರಿ. ಅವುಗಳ ಬದಲು ಐಸ್‌ಕ್ರೀಂ ಕಡ್ಡಿಗಳನ್ನು ಕಟ್ಟಿ, ಹಲ್ಲುಗಳ ನಡುವೆ ಇಟ್ಟು, ದಿನಕ್ಕೆ ಹಲವು ಸಲ ಅಭ್ಯಾಸ ಮಾಡಿ, ಸಡಿಲವಾದಂತೆ ಒಂದೊಂದು ಕಡ್ಡಿ ಸೇರಿಸುತ್ತ ಹೋಗುವ ಉಪಾಯ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಮೊದಲ ಸಲ ಚಿಕಿತ್ಸೆ ಕೊಟ್ಟವರ ಎದುರಿಗೇ ಕಲಿಯಬೇಕು. ಇದನ್ನು ಕರೆಂಟು ನಡೆಯುತ್ತಿರುವಾಗಲೇ ಶುರುಮಾಡಿ, ಮುಗಿದ ಮೇಲೂ ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಜನ ಬಿಡುವುದು ಊರಿಗೆ ಬಂದ ಮೇಲೆ. ನೋಯುತ್ತದೆ, ಬೇಸರವಾಗುತ್ತದೆ, ‘ಮಾಡಿದ್ಯೇನಪ್ಪಾ’ ಎಂದು ಕೇಳುವವರೂ ಇರುವುದಿಲ್ಲ.

ಜೊಲ್ಲು ಬತ್ತುವುದು ಇನ್ನೊಂದು ಪಾಡು. ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದು, ಖಾರ ಸೋಕಿದರೆ ಉರಿ. ನುಚ್ಚು ಮಜ್ಜಿಗೆ, ಹಾಲಿನಲ್ಲಿ ನೆನೆಸಿದ ರೊಟ್ಟಿ, ಮೆತ್ತನೆಯ ಅನ್ನ ಇವೆಲ್ಲ ಮನೆಯಲ್ಲಿ ನಡೆಯುತ್ತವೆ. ಆದರೆ ಬಳ್ಳಾರಿಯ ಗಂಡಸು ಬೆಳಿಗ್ಗೆ ವಗ್ಗಾಣಿ ಮಿರ್ಚಿಯ ಅಂಗಡಿಗೆ ಹೋಗುವುದು ಬರೀ ತಿನ್ನಲಿಕ್ಕಲ್ಲ, ನಾಲ್ಕು ಮಂದಿ ಜೊತೆ ನಿಂತು ಮಾತಾಡಲಿಕ್ಕೆ. ತಿನ್ನಲಾಗದವನು ಅಲ್ಲಿಗೆ ಹೋಗುವುದನ್ನೇ ನಿಲ್ಲಿಸುತ್ತಾನೆ. ಯಾವ ಕೇಸ್ ಶೀಟಿನಲ್ಲೂ ಈ ನಷ್ಟಕ್ಕೊಂದು ಕಾಲಂ ಇಲ್ಲ.

ಮೇಲ್ದವಡೆ ತೆಗೆದವರಿಗೆ ಕುಡಿದ ನೀರು ಮೂಗಿನಿಂದ ಬರುತ್ತದೆ, ಮಾತು ಗೊಣಗೊಣ. ಆ ತೂತು ಮುಚ್ಚುವ ಅಚ್ಚಿನ ತಟ್ಟೆ ಮಾಡುವುದು ಕೃತಕ ದಂತ ತಜ್ಞರ ವಿದ್ಯೆ. ಬಳ್ಳಾರಿಯಲ್ಲೇ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಇಲ್ಲೊಂದು ಎಚ್ಚರಿಕೆ: ದವಡೆಗೆ ಕರೆಂಟು ಕೊಡಿಸಿಕೊಂಡವರು ಹಲ್ಲು ನೋವೆಂದು ಆ ವಿಷಯ ಹೇಳದೆ ಹಲ್ಲು ಕೀಳಿಸಿಕೊಳ್ಳಬಾರದು. ಗಾಯ ಮಾಯದೆ ದವಡೆಯ ಎಲುಬೇ ಕೊಳೆಯುವ ಅಪಾಯವಿದೆ, ವರ್ಷಗಳು ಕಳೆದಿದ್ದರೂ.

ಗಂಟಲಿನ ಧ್ವನಿಪೆಟ್ಟಿಗೆ ತೆಗೆದವರ ವಿಚಾರದಲ್ಲಿ ಕರ್ನಾಟಕದ ಕೊಡುಗೆ ಗಣ್ಯವಾದದ್ದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಮಾತಿನ ತಜ್ಞರನ್ನು ತಯಾರು ಮಾಡುತ್ತಿದೆ. ಬಳ್ಳಾರಿಯವರು ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಮೈಸೂರಿಗೇ ಇಳಿಯಬಹುದು. ಇಂಥವರಿಗೆ ಮತ್ತೆ ಮಾತು ಬರಿಸುವ ಹೊರದೇಶದ ಧ್ವನಿ ಕವಾಟಕ್ಕೆ ಹದಿನೈದು ಸಾವಿರಕ್ಕೂ ಮೇಲೆ ತೆರಬೇಕಿದ್ದ ಕಾಲದಲ್ಲಿ ಬೆಂಗಳೂರಿನ ಶಸ್ತ್ರಚಿಕಿತ್ಸಕ ಡಾ. ವಿಶಾಲ್ ರಾವ್ ಗೆಳೆಯ ಶಶಾಂಕ್ ಮಹೇಶ್ ಜೊತೆಗೂಡಿ ಸುಮಾರು 50 ರೂಪಾಯಿಯ ‘ಓಂ’ ಕವಾಟ ರೂಪಿಸಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಧ್ವನಿಪೆಟ್ಟಿಗೆ ತೆಗೆದದ್ದರಿಂದ ಬಂದ ಶಾಶ್ವತ ಮಾತಿನ ತೊಂದರೆಯನ್ನು ಅಂಗವೈಕಲ್ಯವೆಂದು ಹೆಸರಿಸಿಯೇ ಗುರುತಿಸಿದೆ. ಪ್ರಮಾಣಪತ್ರ ಕೇಳುವವರು ಆಸ್ಪತ್ರೆಯ ಆಪರೇಶನ್ ದಾಖಲೆ ಜೋಪಾನವಾಗಿಟ್ಟುಕೊಳ್ಳಬೇಕು.

ಇನ್ನು ಪಾದ. ಕೆಲವು ಕೀಮೋ ಔಷಧಗಳಿಂದ ಬೆರಳು, ಅಂಗಾಲು ಜೋಮು ಹಿಡಿಯುತ್ತವೆ. ಚಪ್ಪಲಿ ಕಳಚಿದ್ದು ತಿಳಿಯುವುದಿಲ್ಲ, ಬಳ್ಳಾರಿಯ ಬೇಸಿಗೆಯಲ್ಲಿ ಕಾದ ನೆಲ ಸುಟ್ಟದ್ದೂ ತಿಳಿಯುವುದಿಲ್ಲ. ಸಿರುಗುಪ್ಪದ ಭತ್ತದ ಗದ್ದೆಗೆ ಬರಿಗಾಲಲ್ಲಿ ಇಳಿಯುವವರು ಸಂಜೆ ಅಂಗಾಲನ್ನು ಕನ್ನಡಿ ಹಿಡಿದಾದರೂ ನೋಡಿಕೊಳ್ಳಬೇಕು.

ಇದೆಲ್ಲ ಎಲ್ಲಿ ಸಿಗಬೇಕು ಎಂಬಲ್ಲಿಗೆ ಬಂದರೆ ನನ್ನ ತಕರಾರು ದೂರದ ಬಗ್ಗೆ. ದೊಡ್ಡ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ, ಅದರ ಕಲಬುರಗಿ ಘಟಕಕ್ಕೋ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಹೋಗುವುದು ಸರಿ, ಯಂತ್ರಗಳು ಅಲ್ಲಿವೆ. ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಬೋಗಿಯಲ್ಲಿ ಟಿಕೆಟ್ ದರದ ಪೂರ್ತಿ ರಿಯಾಯಿತಿಯೂ ಇದೆ. 2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲೆಗಳಲ್ಲಿ ಹಗಲು ಕೀಮೋ ಕೇಂದ್ರ ತೆರೆದದ್ದರ ಹಿಂದೆಯೂ ಅಲೆದಾಟ ತಪ್ಪಿಸುವ ವಿಚಾರವೇ ಇದೆ. ಆದರೆ ಭುಜ ಎತ್ತಿಸಲಿಕ್ಕೆ, ಬಾಯಿ ತೆರೆಸಲಿಕ್ಕೆ ಯಂತ್ರ ಬೇಡ. ಕಲಿತ ಒಬ್ಬ ಮನುಷ್ಯ ಬೇಕು, ವಾರ ವಾರವೂ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ಪುನಶ್ಚೇತನ ಸೇವೆಗಳ ಪಟ್ಟಿಯಲ್ಲಿ ಕ್ಯಾನ್ಸರಿಗೂ ಜಾಗವಿದೆ. ನಮ್ಮಲ್ಲಿ ಫಿಸಿಯೊಥೆರಪಿ ಎಂದರೆ ಲಕ್ವ ಹೊಡೆದವರಿಗೆ, ಮೊಣಕಾಲು ನೋವಿನವರಿಗೆ ಎಂಬ ರೂಢಿ ಇನ್ನೂ ಗಟ್ಟಿಯಾಗಿದೆ.

ಬಸ್ಸಿನ ಲೆಕ್ಕವನ್ನೇ ನೋಡಿ. 2023ರ ಶಕ್ತಿ ಯೋಜನೆಯಿಂದ ಸಿರುಗುಪ್ಪದ ಹೆಣ್ಣುಮಗಳು ಸಾರಿಗೆ ಬಸ್ಸಿನಲ್ಲಿ ಬಳ್ಳಾರಿಗೆ ಟಿಕೆಟ್ ದುಡ್ಡಿಲ್ಲದೆ ಬರಬಲ್ಲಳು. ಬಾಯಿ ಕ್ಯಾನ್ಸರಿನ ಗಂಡಸು ಐವತ್ತಕ್ಕೂ ಹೆಚ್ಚು ಕಿಲೋಮೀಟರಿಗೆ ಹೋಗುವಾಗಲೂ ಬರುವಾಗಲೂ ಟಿಕೆಟ್ ದುಡ್ಡು ಕೊಟ್ಟು, ಆ ದಿನದ ಕೂಲಿಯನ್ನೂ ಬಿಟ್ಟು ಬರಬೇಕು. ಸಿರುಗುಪ್ಪಕ್ಕೆ ರೈಲಿಲ್ಲ, ಹಾಗಾಗಿ ರೈಲಿನ ರಿಯಾಯಿತಿ ಈ ದಾರಿಗೆ ಬರದು. ಎರಡು ವಾರ ಬಂದಾನು, ಮೂರನೆಯ ವಾರ ಬಾರನು. ಅವನ ಬಾಯಿ ಎರಡು ಬೆರಳಿಗೆ ಇಳಿದಿದೆಯೇ ಎಂದು ನೋಡುವುದು ಊರಿನ ಆಶಾ ಕಾರ್ಯಕರ್ತೆಗೆ ಒಂದು ನಿಮಿಷದ ಕೆಲಸ. ಅದನ್ನು ಆಕೆಗೆ ಯಾರಾದರೂ ಕಲಿಸಬೇಕು, ಮಾಡಿದ್ದಕ್ಕೆ ಪ್ರೋತ್ಸಾಹಧನವನ್ನೂ ಕೊಡಬೇಕು.