ನೀರಿಗಿಳಿದರೆ ಕಾಲು ಬರುವುದೇ?

ಕಣೇಕಲ್ಲು ಕೆರೆಗೆ ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯ ನೀರು ಬಂತೆಂದರೆ ಊರ ಹುಡುಗರಿಗೆ ಹಬ್ಬ. ಅವರು ಈಜುವುದನ್ನು ನೋಡುತ್ತ ಒಬ್ಬ ತಾಯಿ ಆರು ವರ್ಷದ ಮಗನನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದಳು. ಹುಟ್ಟಿದಾಗ ತಡವಾಗಿ ಅತ್ತ ಮಗು. ಕೈಕಾಲು ಬಿಗಿ, ತಾನಾಗಿ ಕೂರಲಾರ. "ಸ್ವಾಮಿ, ನೀರಿಗಿಳಿಸಿದರೆ ಇವನಿಗೆ ಕಾಲು ಬರುತ್ತದಂತೆ, ನಿಜವಾ?" ಎಂದು ಕೇಳಿದಳು.

ಪ್ರಿಯ ಓದುಗರೇ, ಈ ಮಾತಿನಲ್ಲಿ ಅರ್ಧ ನಿಜವಿದೆ. ಎದೆಮಟ್ಟದ ನೀರಿನಲ್ಲಿ ನಿಂತವನ ಕಾಲ ಮೇಲೆ ಬೀಳುವ ಭಾರ ಸುಮಾರು ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ನೆಲದ ಮೇಲೆ ನಿಲ್ಲಲಾರದ ಮಗು ಅಲ್ಲಿ ಹೆಜ್ಜೆ ಎತ್ತಬಲ್ಲದು. 33ರಿಂದ 35 ಡಿಗ್ರಿ ಸೆಲ್ಸಿಯಸ್‌ನ ಬೆಚ್ಚನೆಯ ನೀರು ಬಿಗಿದ ಸ್ನಾಯುಗಳನ್ನು ಸ್ವಲ್ಪ ಹೊತ್ತು ಸಡಿಲಿಸುತ್ತದೆ. ತಣ್ಣೀರಾದರೆ ಬಿಗಿತ ಹೆಚ್ಚಾಗಬಹುದು. ಆಟಿಸಂ ಇರುವ ಕೆಲವು ಮಕ್ಕಳು ನೀರಿನ ಒತ್ತಡದಿಂದ ಶಾಂತರಾಗುತ್ತಾರೆ, ಕೆಲವರು ಹೆದರಿ ಚೀರುತ್ತಾರೆ, ಬಲವಂತ ಬೇಡ.

1949ರಲ್ಲಿ ಜೇಮ್ಸ್ ಮ್ಯಾಕ್‌ಮಿಲನ್ ಎಂಬವರು ಲಂಡನ್ನಿನ ಹ್ಯಾಲಿವಿಕ್ ಶಾಲೆಯ ಅಂಗವಿಕಲ ಹುಡುಗಿಯರಿಗೆ ಈಜು ಕಲಿಸತೊಡಗಿದರು. ಅವರು ವೈದ್ಯರಲ್ಲ, ನೀರಿನ ಚಲನೆಯನ್ನು ಓದಿಕೊಂಡ ಇಂಜಿನಿಯರು. ತೇಲುಬುರುಡೆ ಕಟ್ಟದೆ, ಒಂದು ಮಗುವಿಗೆ ಒಬ್ಬ ಸಹಾಯಕನಂತೆ, ಹಾಡು ಆಟಗಳ ಮೂಲಕ ಮೊದಲು ಉಸಿರು ಊದುವುದನ್ನು, ಆಮೇಲೆ ಸಮತೋಲವನ್ನು ಕಲಿಸುವ ಅವರ ಕ್ರಮ ಇಂದು ಅನೇಕ ದೇಶಗಳಲ್ಲಿದೆ.

ಆದರೆ ಮೆದುಳಿಗೆ ಆದ ಗಾಯವನ್ನು ನೀರು ವಾಸಿ ಮಾಡದು. ನೆಲದ ಮೇಲಿನ ವ್ಯಾಯಾಮದ ಜೊತೆಗೆ ಇದೂ ಒಂದು, ಅಷ್ಟೆ. "ಇಷ್ಟು ದಿನದಲ್ಲಿ ನಡೆಸುತ್ತೇವೆ" ಎಂದು ಹಣ ಕೇಳುವವರನ್ನು ನಂಬಬೇಡಿ.

ಕೆರೆಗೂ ಕಾಲುವೆಗೂ ಇಂಥ ಮಗುವನ್ನು ಇಳಿಸಲೇಬಾರದು: ಕೆಸರು, ಸೆಳೆತ, ತಿಳಿಯದ ಆಳ. ಫಿಟ್ಸ್ ಬರುವ ಮಗುವಾದರೆ ವೈದ್ಯರನ್ನು ಕೇಳದೆ ತೊಟ್ಟಿಗೂ ಬೇಡ. ಜ್ವರ, ಭೇದಿ, ಹುಣ್ಣು ಇದ್ದ ದಿನ ಬಿಟ್ಟುಬಿಡಿ. ವೈದ್ಯರು ಒಪ್ಪಿದರೆ, ವ್ಯಾಯಾಮ ಕಲಿಸುವವರು ತೋರಿಸಿಕೊಟ್ಟಂತೆ, ತೊಳೆದ ತೊಟ್ಟಿಯಲ್ಲಿ ಬೆಚ್ಚನೆಯ ನೀರಿಟ್ಟು ಇಪ್ಪತ್ತು ನಿಮಿಷ ಸಾಕು. ಕೈ ಮಗುವಿನ ಮೇಲೇ ಇರಲಿ. ಬಾಗಿಲಲ್ಲಿ ಯಾರೋ ಕರೆದರೆಂದು ಎದ್ದು ಹೋಗಬಾರದು. ನಮ್ಮ ಜಿಲ್ಲೆಯ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಹೆಚ್ಚು. ಸ್ನಾನಕ್ಕೆ ಅಡ್ಡಿಯಿಲ್ಲ, ಮಗು ಅದನ್ನು ಕುಡಿಯದಂತೆ ನೋಡಿಕೊಳ್ಳಿ.

ತೋರಿಸುವುದಕ್ಕೆ ತಡಮಾಡಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದಂದಿನಿಂದ 18 ವರ್ಷದವರೆಗೆ ಇಂಥ ಮಕ್ಕಳ ತಪಾಸಣೆ ಉಚಿತ. ಅಂಗನವಾಡಿಯಲ್ಲೋ ಆಶಾ ಕಾರ್ಯಕರ್ತೆಯಲ್ಲೋ ವಿಚಾರಿಸಿ.

ಆ ತಾಯಿ ಮಗನನ್ನು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ತೋರಿಸಿಕೊಂಡು ಬಂದಳು. ತೊಟ್ಟಿ ಇನ್ನೂ ಕಟ್ಟಿಲ್ಲ. ಸಂಜೆ ಅವನ ತಲೆಗೆ ಕೈ ಆನಿಸಿ, ಬೋಗುಣಿಯ ನೀರಿನಲ್ಲಿ ಕಾಗದದ ದೋಣಿ ಬಿಟ್ಟು ಊದಿಸುತ್ತಾಳೆ. ಮೊನ್ನೆ ನಾನು ಹೋದಾಗ ದೋಣಿ ಆಚೆ ದಡ ಮುಟ್ಟಿತ್ತು.