'ಕಮೆನ್ಸ್' ಆದರಷ್ಟೇ ಕಾಯಿದೆ!

'ಮಳೆ ಶುರುವಾಯಿತು' ಎನ್ನುತ್ತೇವೆ. 'ಮಳೆ ಪ್ರಾರಂಭಗೊಂಡಿತು' ಎಂದರೆ ಪಕ್ಕದವರು ಮುಖ ನೋಡುತ್ತಾರೆ. ಇಂಗ್ಲಿಷಿನಲ್ಲೂ ಇದೇ ಕಥೆ. ಮನೆಮಾತಿಗೆ 'ಬಿಗಿನ್', 'ಸ್ಟಾರ್ಟ್' ಸಾಕು. 'ಕಮೆನ್ಸ್' ಮಾತ್ರ ಕೋಟು ತೊಟ್ಟೇ ಬರುವ ಪದ.

ಈ ಠೀವಿಗೊಂದು ಚರಿತ್ರೆಯಿದೆ. 'ಬಿಗಿನ್' ಆಂಗ್ಲೋ-ಸ್ಯಾಕ್ಸನ್ ಜನರ ಹಳೆಯ ಪದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯಲ್ಲಿ, ನ್ಯಾಯಾಲಯದಲ್ಲಿ ಫ್ರೆಂಚಿನದೇ ದರ್ಬಾರು. ಲ್ಯಾಟಿನ್ ಮೂಲದ 'ಕಮೆನ್ಸ್' ಬಂದದ್ದು ಆ ಫ್ರೆಂಚಿನ ಬೆನ್ನೇರಿ. ಹೀಗಾಗಿ ಊಟಕ್ಕೆ 'ಬಿಗಿನ್', ವಿಚಾರಣೆಗೆ 'ಕಮೆನ್ಸ್'! ಅಮೆರಿಕದ ವಿಶ್ವವಿದ್ಯಾಲಯಗಳಲ್ಲಂತೂ ಓದು ಮುಗಿಸಿ ಪದವಿ ಪಡೆಯುವ ಸಮಾರಂಭಕ್ಕೇ 'ಕಮೆನ್ಸ್‌ಮೆಂಟ್' ಎಂದು ಹೆಸರು.

ಹಾಗಾದರೆ ಇದು ಬರೀ ದೊಡ್ಡಸ್ತಿಕೆಯ ಪದವೇ? ಅಲ್ಲ. ಕಾನೂನಿನಲ್ಲಿ ಇದಕ್ಕೆ ಖಚಿತ ಅರ್ಥವಿದೆ: ಕಾಯಿದೆಗೆ ಜೀವ ಬರುವ ದಿನ. ನಮ್ಮ ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಪೌರತ್ವ, ಚುನಾವಣೆ ಮುಂತಾದ ಕೆಲವು ವಿಧಿಗಳಷ್ಟೇ ಅಂದು ಜಾರಿಗೆ ಬಂದವು. ಉಳಿದವು ಬಂದದ್ದು 1950ರ ಜನವರಿ 26ರಂದು. ಆ ದಿನವನ್ನೇ 394ನೇ ವಿಧಿ ಸಂವಿಧಾನದ 'ಕಮೆನ್ಸ್‌ಮೆಂಟ್' ಎಂದು ಕರೆದಿದೆ. ಕನ್ನಡದ ಕಾಯಿದೆ ಪುಸ್ತಕಗಳಲ್ಲಿ ಇದೇ 'ಪ್ರಾರಂಭ'.

ಮಸೂದೆ ಪಾಸಾಯಿತು, ರಾಷ್ಟ್ರಪತಿಯವರ ಅಂಕಿತ ಬಿತ್ತು, ಇನ್ನೇನು ಕಾನೂನು ಬಂದಂತೆಯೇ ಎಂದುಕೊಳ್ಳುತ್ತೇವೆ. ಆದರೆ ಎಷ್ಟೋ ಕಾಯಿದೆಗಳ ಒಂದನೇ ಕಲಮು, ಸರ್ಕಾರ ಅಧಿಸೂಚನೆ ಹೊರಡಿಸಿ ಗೊತ್ತುಪಡಿಸಿದ ದಿನದಿಂದಷ್ಟೇ ಇದು ಜಾರಿ ಎನ್ನುತ್ತದೆ. ಆ ದಿನ ಬಾರದಿದ್ದರೆ?

ತುರ್ತು ಪರಿಸ್ಥಿತಿಯ ಕಹಿ ಉಂಡಿದ್ದ ಸಂಸತ್ತು 1978ರಲ್ಲಿ ಸಂವಿಧಾನಕ್ಕೆ 44ನೇ ತಿದ್ದುಪಡಿ ತಂದಿತು. ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಒಬ್ಬರನ್ನು ಮುನ್ನೆಚ್ಚರಿಕೆಯ ಬಂಧನದಲ್ಲಿ ಇಡಬಹುದಾದ ಅವಧಿಯನ್ನು ಮೂರು ತಿಂಗಳಿನಿಂದ ಎರಡು ತಿಂಗಳಿಗೆ ಇಳಿಸುವುದು ಅದರ 3ನೇ ಕಲಮಿನ ಒಂದು ಉದ್ದೇಶ. ಆ ಕಲಮಿನ ಜಾರಿಗೆ ಯಾವ ಸರ್ಕಾರವೂ ದಿನ ಗೊತ್ತುಮಾಡಲಿಲ್ಲ. ಜಾರಿಗೊಳಿಸಿ ಎಂದು ಆದೇಶಿಸಲು ಸುಪ್ರೀಂ ಕೋರ್ಟೂ 1981ರಲ್ಲಿ ಒಪ್ಪಲಿಲ್ಲ. ಸೆರೆಯಲ್ಲಿರುವವನ ಪಾಲಿಗೆ ಒಂದು ತಿಂಗಳು ಸಣ್ಣ ಮಾತೇ?

ದೆಹಲಿ ಬಾಡಿಗೆ ಕಾಯಿದೆಯದೂ ಅದೇ ಹಣೆಬರಹ. 1995ರಲ್ಲಿ ಅಂಕಿತ ಬಿದ್ದರೂ ಜಾರಿಯ ದಿನ ಬರಲೇ ಇಲ್ಲ.

ಆದ್ದರಿಂದ ಹೊಸ ಕಾನೂನಿನ ಸುದ್ದಿ ಓದಿದಾಗ 'ಪಾಸಾಯಿತೇ?' ಎಂದು ಕೇಳಿದರೆ ಸಾಲದು, 'ಪ್ರಾರಂಭ ಎಂದು?' ಎಂದೂ ಕೇಳಬೇಕು. ನಮ್ಮ ಹಳ್ಳಿಗರ ಮಾತಿನಲ್ಲಿ 'ಆರಂಭ' ಎಂದರೆ ಬೇಸಾಯ. ಬಿತ್ತನೆಯ ಬೀಜ ಚೀಲದಲ್ಲೇ ಉಳಿದರೆ ಯಾವ ರೈತನೂ ಅದನ್ನು ಆರಂಭ ಎನ್ನುವುದಿಲ್ಲ.